ಮಂಡಿಯ ಮೇಲೆ ಕಾಲು ಕಳೆದುಕೊಂಡವರು ಬಲವರ್ಧನೆಯ ವ್ಯಾಯಾಮವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ:
ಅಪಘಾತದಿಂದಾಗಿ ನನ್ನ ಬಲಗಾಲನ್ನು ಮಂಡಿಯ ಮೇಲ್ಭಾಗದಲ್ಲಿ ತೆಗೆದು ಹತ್ತು ತಿಂಗಳಾಗಿವೆ. ಗಾಯ ಪೂರ್ತಿ ಮಾಗಿದ್ದು, ನಾಲ್ಕು ತಿಂಗಳಿಂದ ಕೃತಕ ಕಾಲಿನಲ್ಲಿ ನಡೆಯುತ್ತಿದ್ದೇನೆ. ಆದರೆ ಆ ಕಾಲಿನ ಮೇಲೆ ಭಾರ ಬಿದ್ದಾಗಲೆಲ್ಲ ಮೈ ಬಲಕ್ಕೆ ವಾಲುತ್ತದೆ, ಸಂಜೆಯಾದರೆ ಸೊಂಟ ನೋಯುತ್ತದೆ. ಹಿಂದಿನ ಜಿಮ್ ಅಭ್ಯಾಸದಿಂದ ಸ್ಕ್ವಾಟ್ (ಮಂಡಿ ಮಡಚಿ ಕೂತು ಏಳುವ ವ್ಯಾಯಾಮ) ಮಾಡಲು ಹೋದರೆ ಭಾರವೆಲ್ಲ ಎಡಗಾಲಿಗೇ ಬೀಳುತ್ತಿದ್ದು, ಈಗ ಎಡಮಂಡಿಯೂ ನೋಯತೊಡಗಿದೆ. ಕೃತಕ ಕಾಲು ಹಾಕಿಕೊಂಡೇ ವ್ಯಾಯಾಮ ಮಾಡಬೇಕೇ, ತೆಗೆದಿಟ್ಟು ಮಾಡಬೇಕೇ?

ಉತ್ತರ 1 (ಫಿಸಿಯೋಥೆರಪಿಸ್ಟ್):
ಒಂದು ಕಾಲಿನ ಮೇಲೆ ನಿಂತಾಗ ಸೊಂಟ ಇನ್ನೊಂದು ಬದಿಗೆ ಕುಸಿಯದಂತೆ ಹಿಡಿದಿಡುವುದು ನಿಂತ ಕಾಲಿನ ಪೃಷ್ಠದ ಪಕ್ಕದಲ್ಲಿರುವ ಸ್ನಾಯುಗಳು. ಅವು ಸೋತಾಗ ಮೈಯನ್ನೇ ಆ ಬದಿಗೆ ವಾಲಿಸಿ ಸರಿದೂಗಿಸಿಕೊಳ್ಳುತ್ತೇವೆ. ಮಂಡಿಯ ಮೇಲೆ ಕತ್ತರಿಸಿದಾಗ ತೊಡೆಯನ್ನು ಒಳಕ್ಕೆಳೆಯುವ ಸ್ನಾಯುಗಳು ತಮ್ಮ ಕೆಳಗಿನ ಹಿಡಿತವನ್ನು ಕಳೆದುಕೊಳ್ಳುವುದರಿಂದ ತೊಡೆಮೂಳೆ ಸಾಕೆಟ್ಟಿನೊಳಗೆ (ಉಳಿದ ತೊಡೆ ಕೂರುವ ಕೃತಕ ಕಾಲಿನ ಮೇಲ್ತುದಿಯ ಗೂಡು) ಹೊರಕ್ಕೆ ಸರಿಯುತ್ತದೆ. ಇದರಿಂದ ಪಕ್ಕದ ಸ್ನಾಯುಗಳ ಕೆಲಸ ಇನ್ನಷ್ಟು ಕಷ್ಟವಾಗುತ್ತದೆ. ಕೃತಕ ಕಾಲು ಗಿಡ್ಡವಾಗಿದ್ದರೂ, ಸಾಕೆಟ್ ಸರಿಯಾಗಿ ಹೊಂದದಿದ್ದರೂ ಹೀಗೆಯೇ ವಾಲುವುದುಂಟು. ಆದ್ದರಿಂದ ಮೊದಲು ಪ್ರಾಸ್ಥೆಟಿಸ್ಟರಿಗೆ (ಕೃತಕ ಕಾಲನ್ನು ತಯಾರಿಸಿ ಹೊಂದಿಸುವ ತಜ್ಞರಿಗೆ) ತೋರಿಸಿರಿ.

ಆರಂಭವನ್ನು ಕೃತಕ ಕಾಲು ತೆಗೆದಿಟ್ಟು, ಗಟ್ಟಿ ಹಾಸಿಗೆಯ ಮೇಲೆ ಮಾಡಿರಿ. ಎಡಮಗ್ಗುಲಾಗಿ ಮಲಗಿ ಉಳಿದ ತೊಡೆಯನ್ನು ಮುಂದಕ್ಕೆ ಬಾರದಂತೆ ನೇರವಾಗಿ ಮೇಲೆತ್ತುವುದು, ಬೋರಲಾಗಿ ಮಲಗಿ ಹಿಂದಕ್ಕೆತ್ತುವುದು, ಅಂಗಾತ ಮಲಗಿ ತೊಡೆಯ ಕೆಳಗಿಟ್ಟ ಸುತ್ತಿದ ಟವೆಲನ್ನು ಒತ್ತುತ್ತ ಸೊಂಟವನ್ನೆತ್ತುವುದು, ಈ ಮೂರು ಸಾಕು. ಒಂದೊಂದನ್ನೂ 8ರಿಂದ 12 ಸಲ, ಎರಡು ಮೂರು ಸುತ್ತು, ದಿನ ಬಿಟ್ಟು ದಿನ ಮಾಡಿರಿ. ಕೊನೆಯ ಎರಡು ಸಲ ನಿಜವಾಗಿಯೂ ಕಷ್ಟವೆನಿಸಬೇಕು. ಹಗುರವೆನಿಸಿದಾಗ ರಬ್ಬರ್ ಪಟ್ಟಿ ಸೇರಿಸಿರಿ.

ಉತ್ತರ 2 (ಆರು ವರ್ಷಗಳಿಂದ ಕೃತಕ ಕಾಲು ಬಳಸುತ್ತಿರುವವರು):
ನಾನು ಬಲದ ಹಿಂದೆ ಬಿದ್ದು ಬಿಗಿತವನ್ನು ಕಡೆಗಣಿಸಿದೆ, ಅದರಿಂದ ತಿಂಗಳುಗಳೇ ವ್ಯರ್ಥವಾದವು. ದಿನವಿಡೀ ಕುಳಿತಿರುವವರಿಗೆ ಸೊಂಟದ ಮುಂಭಾಗದ ಸ್ನಾಯುಗಳು ಬಿಗಿದುಕೊಳ್ಳುತ್ತವೆ. ದಿನಕ್ಕೆರಡು ಬಾರಿ ಹದಿನೈದಿಪ್ಪತ್ತು ನಿಮಿಷ ಬೋರಲಾಗಿ ಮಲಗಿರಿ, ಮಲಗುವಾಗ ತೊಡೆಯ ಕೆಳಗೆ ದಿಂಬು ಇಡಬೇಡಿ. ವ್ಯಾಯಾಮದ ನಂತರ ಕನ್ನಡಿ ಹಿಡಿದು ಚರ್ಮವನ್ನು ನೋಡಿಕೊಳ್ಳಿರಿ. ಕೆಂಪು ಬೇಗ ಮಾಯವಾಗದಿದ್ದರೆ, ಬೊಕ್ಕೆ ಎದ್ದಿದ್ದರೆ ಅಂದು ಕೃತಕ ಕಾಲು ಬೇಡ.

ಪ್ರಶ್ನೆ ಕೇಳಿದವರು:
ಬೋರಲಾಗಿ ಮಲಗಿ ನೋಡಿದೆ. ಸೊಂಟವನ್ನು ಒತ್ತಿ ಹಿಡಿದರೆ ತೊಡೆ ಹಾಸಿಗೆಗೆ ತಾಗುವುದೇ ಇಲ್ಲ. ಹಾಗಾದರೆ ಸ್ಕ್ವಾಟನ್ನು ಬಿಟ್ಟೇಬಿಡಬೇಕೇ?

ಉತ್ತರ 1:
ಸೊಂಟನೋವಿಗೂ ಈ ಬಿಗಿತ ಕಾರಣವಾಗಿರಬಹುದು: ತೊಡೆ ಹಿಂದಕ್ಕೆ ಹೋಗದಿದ್ದರೆ ಹೆಜ್ಜೆಹೆಜ್ಜೆಗೂ ಬೆನ್ನಿನ ಕೆಳಭಾಗ ಬಾಗಬೇಕಾಗುತ್ತದೆ. ಅದನ್ನೇ ಮೊದಲು ಸಡಿಲಿಸಿರಿ. ಸ್ಕ್ವಾಟಿನಲ್ಲಿ ಭಾರ ಎಡಕ್ಕೆ ಹೋದದ್ದು ನಿಮ್ಮ ತಪ್ಪಲ್ಲ. ಮೋಟಾರ್ ಇಲ್ಲದ ಕೃತಕ ಮಂಡಿ ನಿಮ್ಮನ್ನು ಮೇಲಕ್ಕೆ ತಳ್ಳಲಾರದು, ಏಳುವ ಶ್ರಮವೆಲ್ಲ ಇನ್ನೊಂದು ಕಾಲಿನದೇ. ಸದ್ಯಕ್ಕೆ ಅದನ್ನು ಬಿಟ್ಟು, ಆಧಾರ ಹಿಡಿದು, ಕೃತಕ ಕಾಲನ್ನು ತೂಕದ ಯಂತ್ರದ ಮೇಲೆಯೂ ಎಡಗಾಲನ್ನು ಅಷ್ಟೇ ಎತ್ತರದ ಹಲಗೆಯ ಮೇಲೆಯೂ ಇಟ್ಟು, ಮೈ ವಾಲದಂತೆ ಭಾರವನ್ನು ಬಲಕ್ಕೆ ಸರಿಸುತ್ತ ಹೋಗಿರಿ. ಯಂತ್ರ ನಿಮ್ಮ ತೂಕದ ಅರ್ಧವನ್ನು ತೋರಿಸುವಂತಾದ ಮೇಲೆ ಎಡಗಾಲಿನಿಂದ ಗಿಡ್ಡ ಮೆಟ್ಟಿಲನ್ನು ನಿಧಾನವಾಗಿ ಮುಟ್ಟುವ ಅಭ್ಯಾಸಕ್ಕೆ ಹೋಗಬಹುದು.