‘ಅವಧಿ ಮಿತಿ’: ಮಿತಿ ವರ್ಷಕ್ಕೋ, ಸಲಕ್ಕೋ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಸಲಹೆ ಬೇಕು.

ದೇಶದ ಅಧ್ಯಕ್ಷರಾದವರು ಇಷ್ಟು ಸಲಕ್ಕಿಂತ ಜಾಸ್ತಿ ಆ ಕುರ್ಚಿಯಲ್ಲಿ ಕೂರಬಾರದು ಎಂಬ ನಿಯಮಕ್ಕೆ ಕನ್ನಡದಲ್ಲಿ ‘ಅವಧಿ ಮಿತಿ’ ಅಂತ ಬರೆಯುತ್ತಾರೆ. ನಾನೂ ಹಾಗೇ ಬರೆಯುತ್ತಿದ್ದೆ. ಹೋದ ವಾರ ಪಿಯುಸಿ ಮಕ್ಕಳ ಚರ್ಚಾಸ್ಪರ್ಧೆಗೆ ‘ದೇಶದ ನಾಯಕರಿಗೆ ಅವಧಿ ಮಿತಿ ಬೇಕೇ?’ ಎಂಬ ವಿಷಯ ಕೊಟ್ಟೆ. ಮೊದಲು ಎದ್ದು ನಿಂತ ಹುಡುಗಿ, ಐದು ವರ್ಷ ತೀರಾ ಜಾಸ್ತಿ, ಮೂರಕ್ಕೆ ಇಳಿಸಬೇಕು ಅಂತ ಬಹಳ ಚೆನ್ನಾಗಿ ವಾದ ಮಾಡಿದಳು. ಅವಳದು ತಪ್ಪಲ್ಲ. ಅವಧಿಗೆ ಮಿತಿ ಅಂದರೆ ಅದು ಎಷ್ಟು ಉದ್ದ ಇರಬೇಕು ಅಂತ ತಾನೇ ಅರ್ಥ ಆಗುವುದು? ನಾನು ಕೇಳಬೇಕು ಅಂತಿದ್ದದ್ದು ಎಷ್ಟು ಸಲ ಅಂತ.

ಮನೆಗೆ ಬಂದು ನಿಘಂಟು ತೆಗೆದೆ. ಸಂಸ್ಕೃತದ ‘ಅವಧಿ’ಗೆ ಎಲ್ಲೆ, ಮೇರೆ, ಕೊನೆ ಎಂಬ ಅರ್ಥಗಳೇ ಮುಖ್ಯ. ‘ನಿರವಧಿ’ ಅಂದರೆ ಎಲ್ಲೆ ಇಲ್ಲದ್ದು. ಹಳಗನ್ನಡದ ಜೈನ ಕಾವ್ಯಗಳಲ್ಲಿ ಬರುವ ‘ಅವಧಿಜ್ಞಾನ’ ಕೂಡ ಒಂದು ಎಲ್ಲೆಯೊಳಗಿನ ಅರಿವು. ಹಾಗೆ ನೋಡಿದರೆ ‘ಅವಧಿ ಮಿತಿ’ ಅಂದರೆ ಎಲ್ಲೆಯ ಎಲ್ಲೆ. ಇಂಗ್ಲಿಷಿನ ‘ಟರ್ಮ್’ ಕೂಡ ಲ್ಯಾಟಿನ್ನಿನ ‘ಟರ್ಮಿನಸ್’ನಿಂದ, ಅಂದರೆ ಗಡಿ, ಕೊನೆ ಎಂಬ ಮಾತಿನಿಂದ ಬಂದದ್ದು. ಎರಡು ಭಾಷೆಯಲ್ಲೂ ಎಲ್ಲೆಯ ಹೆಸರೇ ಒಳಗಿನ ಕಾಲಕ್ಕೆ ಅಂಟಿಕೊಂಡಿದೆ. ಇದು ನನಗೆ ತುಂಬಾ ಹಿಡಿಸಿತು. ಆದರೆ ಇದರಿಂದ ನನ್ನ ತೊಡಕು ಬಗೆಹರಿಯಲಿಲ್ಲ.

ತೊಡಕು ಇರುವುದು ನಾವು ಈ ಪದವನ್ನು ಬಳಸುವ ರೀತಿಯಲ್ಲಿ. ಗ್ರಾಮ ಪಂಚಾಯಿತಿ ಸುದ್ದಿಗಳನ್ನು ನೋಡಿ. ‘ಎರಡನೇ ಅವಧಿಗೆ ಅಧ್ಯಕ್ಷರ ಆಯ್ಕೆ’ ಅಂತ ಇರುತ್ತದೆ. ಅಲ್ಲಿ ಅದೇ ಮನುಷ್ಯ ಎರಡನೇ ಸಲ ಅಧ್ಯಕ್ಷ ಆದ ಅಂತ ಅಲ್ಲ, ಐದು ವರ್ಷದಲ್ಲಿ ಮೊದಲ ಎರಡೂವರೆ ವರ್ಷ ಮುಗಿದು ಉಳಿದ ಎರಡೂವರೆ ವರ್ಷಕ್ಕೆ, ಹೆಚ್ಚಾಗಿ ಬೇರೆಯವರು ಬಂದರು ಅಂತ. ಅಂದರೆ ಇಲ್ಲಿ ಅವಧಿ ಪಂಚಾಯಿತಿಯದ್ದು, ವ್ಯಕ್ತಿಯದ್ದಲ್ಲ. ‘ಪೂರ್ಣಾವಧಿ’ಗೂ ಎರಡು ಅರ್ಥ: ಪೂರ್ತಿ ಐದು ವರ್ಷ ಅಂತಲೂ ಆಗುತ್ತದೆ, ದಿನವಿಡೀ ಮಾಡುವ ಕೆಲಸ ಅಂತಲೂ ಆಗುತ್ತದೆ.

ಹಾಗಾದರೆ ‘ಬಾರಿ’ ಅನ್ನೋಣವೇ? ಅದೂ ಪೂರ್ತಿ ಸರಿಹೋಗಲ್ಲ. ಯಡಿಯೂರಪ್ಪನವರು 2007, 2008, 2018, 2019ರಲ್ಲಿ ಮುಖ್ಯಮಂತ್ರಿಯಾಗಿ ನಾಲ್ಕು ಬಾರಿ ಪ್ರಮಾಣವಚನ ತೆಗೆದುಕೊಂಡರು, ಒಂದು ಸಲವೂ ಐದು ವರ್ಷ ಮುಗಿಯಲಿಲ್ಲ. ವಾಜಪೇಯಿ ಅವರ 1996ರ 13 ದಿನವೂ ಒಂದು ಬಾರಿಯೇ. ನಮ್ಮ ಸಂವಿಧಾನದಲ್ಲಿ ಪ್ರಧಾನಿಗೆ ಇಂಥ ಮಿತಿ ಇಲ್ಲ, ಹಾಗಾಗಿ ಈ ಲೆಕ್ಕ ಯಾರಿಗೂ ಬೇಕಾಗಿಲ್ಲ. ರಾಷ್ಟ್ರಪತಿಗೂ ಇಲ್ಲ. ಆದರೂ ಎರಡು ಸಲ ಆಯ್ಕೆಯಾದವರು ರಾಜೇಂದ್ರ ಪ್ರಸಾದ್ ಒಬ್ಬರೇ.

ಮಿತಿ ಇರುವ ದೇಶಗಳಲ್ಲಿ ಮಾತ್ರ ಒಂದೊಂದು ಪದವೂ ಮುಖ್ಯ. ಅಮೆರಿಕದಲ್ಲಿ ರೂಸ್‌ವೆಲ್ಟ್ 1932ರಿಂದ 1944ರವರೆಗೆ ನಾಲ್ಕು ಚುನಾವಣೆ ಗೆದ್ದರು. ಅವರು ತೀರಿಕೊಂಡ ಮೇಲೆ ತಂದ 22ನೇ ತಿದ್ದುಪಡಿ 1951ರಲ್ಲಿ ಜಾರಿಗೆ ಬಂತು. ಅದರಲ್ಲಿ ಇರುವ ಮುಖ್ಯ ಮಾತು, ಎರಡಕ್ಕಿಂತ ಹೆಚ್ಚು ಸಲ ‘ಆಯ್ಕೆ’ ಆಗಬಾರದು ಅಂತ. ಎಣಿಸುವುದು ಆಯ್ಕೆಯನ್ನು. ಬೇರೆಯವರ ಅವಧಿಯಲ್ಲಿ ಎರಡು ವರ್ಷಕ್ಕಿಂತ ಜಾಸ್ತಿ ಅಧ್ಯಕ್ಷರಾಗಿದ್ದವರು ಆಮೇಲೆ ಒಂದೇ ಸಲ ಆಯ್ಕೆ ಆಗಬಹುದು. 1963ರ ನವೆಂಬರಿನಲ್ಲಿ ಕೆನೆಡಿ ಕೊಲೆಯಾದಾಗ ಬಂದ ಜಾನ್ಸನ್ ಆ ಅವಧಿಯಲ್ಲಿ ಇದ್ದದ್ದು ಎರಡು ವರ್ಷಕ್ಕಿಂತ ಕಡಿಮೆ. ಹಾಗಾಗಿ 1964ರಲ್ಲಿ ಗೆದ್ದರೂ 1968ರಲ್ಲಿ ಮತ್ತೆ ನಿಲ್ಲಲು ಅವರಿಗೆ ಅಡ್ಡಿ ಇರಲಿಲ್ಲ. ಟ್ರಂಪ್ 2016ರಲ್ಲಿ ಗೆದ್ದು, 2020ರಲ್ಲಿ ಸೋತು, 2024ರಲ್ಲಿ ಗೆದ್ದರು. ನಡುವೆ ಬಿಡುವು ಇದ್ದರೂ ಲೆಕ್ಕಕ್ಕೆ ಎರಡು ಆಯಿತು.

ರಷ್ಯಾದಲ್ಲಿ ಹಾಗಲ್ಲ. ಅಲ್ಲಿನ 1993ರ ಸಂವಿಧಾನದಲ್ಲಿ ‘ಪದ್ರ್ಯಾದ್’ ಎಂಬ ಒಂದು ಪದ ಇತ್ತು. ‘ರ್ಯಾದ್’ ಅಂದರೆ ಸಾಲು. ನಮ್ಮಲ್ಲಿ ‘ಸಾಲಾಗಿ ಮೂರು ಪಂದ್ಯ ಸೋತರು’ ಅನ್ನುತ್ತೇವಲ್ಲ, ಸರಿಯಾಗಿ ಅದೇ ‘ಸಾಲಾಗಿ’. ಸಾಲಾಗಿ ಎರಡು ಅವಧಿಗಿಂತ ಜಾಸ್ತಿ ಇರಬಾರದು ಅಂತ ನಿಯಮ. ಪುಟಿನ್ 2000 ಮತ್ತು 2004ರಲ್ಲಿ ಗೆದ್ದರು, 2008ರಲ್ಲಿ ಮೆಡ್ವೆಡೆವ್ ಬಂದರು, ಸಾಲು ಮುರಿಯಿತು, 2012ರಲ್ಲಿ ಪುಟಿನ್ ವಾಪಸ್ ಬಂದರು. 2020ರ ತಿದ್ದುಪಡಿಯಲ್ಲಿ ಆ ‘ಸಾಲಾಗಿ’ಯನ್ನು ತೆಗೆದರು. ಕೇಳಲು ನಿಯಮ ಬಿಗಿಯಾದ ಹಾಗೆ ಇದೆ, ಅಲ್ವಾ? ಆದರೆ ಅದರ ಜೊತೆಗೇ ಪುಟಿನ್ ಅವರ ಹಿಂದಿನ ಅವಧಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತಲೂ ಸೇರಿಸಿದರು. ಅದಕ್ಕೆ ರಷ್ಯನ್ನರು ಕೊಟ್ಟ ಹೆಸರಿಗೆ ‘ಸೊನ್ನೆ ಮಾಡುವುದು’ ಅಂತ ಅರ್ಥ. ಇದರಿಂದ ಅವರು 2036ರವರೆಗೂ ಅಧಿಕಾರದಲ್ಲಿ ಇರಬಹುದಾಯಿತು. ಇದೆಲ್ಲವನ್ನೂ ನಾವು ಕನ್ನಡದಲ್ಲಿ ಸುಮ್ನೆ ‘ಅವಧಿ ಮಿತಿ ಬದಲಾವಣೆ’ ಅಂತ ಬರೆದುಬಿಟ್ಟರೆ ಓದುವವರಿಗೆ ಏನು ತಿಳಿಯಬೇಕು?

ನನಗೆ ಈಗ ಅನಿಸುವುದು ಇಷ್ಟು. ಎರಡು ಪದ ಅಂಟಿಸಿ ಹೊಸ ಹೆಸರು ಮಾಡುವ ಬದಲು ಪೂರ್ತಿ ವಾಕ್ಯವನ್ನೇ ಬರೆಯೋಣ: ‘ಒಟ್ಟು ಎರಡೇ ಸಲ ಆಯ್ಕೆ’, ‘ಸಾಲಾಗಿ ಎರಡೇ ಅವಧಿ’. ‘ಸತತ’ ಬೇಡ ಅಂತಲ್ಲ, ಆದರೆ ‘ಸತತ ಮಳೆ’ ಅಂದಾಗ ಅದು ನಿಲ್ಲದೆ ಸುರಿಯುವುದು, ಎಣಿಸುವುದಲ್ಲ. ಎಣಿಕೆಗೆ ‘ಸಾಲಾಗಿ’ಯೇ ಚೆನ್ನ. ‘ಒಟ್ಟು’ ಅಥವಾ ‘ಸಾಲಾಗಿ’ ಇಲ್ಲದ ವಾಕ್ಯವನ್ನು ಮಕ್ಕಳ ಮುಂದೆ ಇಡಬಾರದು ಅಂತ ನಾನಂತೂ ತೀರ್ಮಾನ ಮಾಡಿದ್ದೇನೆ. ಆದರೂ ತಲೆಬರಹಕ್ಕೆ, ಚರ್ಚೆಯ ವಿಷಯಕ್ಕೆ ಒಂದು ಚಿಕ್ಕ ಪದ ಬೇಕೇ ಬೇಕಾಗುತ್ತದೆ. ‘ಸಲಮಿತಿ’ ಅಂತ ಒಂದು ಬರೆದು ನೋಡಿದೆ. ಕಿವಿಗೆ ಇನ್ನೂ ಒಗ್ಗಿಲ್ಲ.

ನಿಮ್ಮ ಕಡೆ ಹಾಲಿನ ಸಂಘ, ದೇವಸ್ಥಾನದ ಸಮಿತಿ, ಹೊರನಾಡಿನ ಕನ್ನಡ ಸಂಘ ಇಂಥ ಕಡೆ ‘ಎರಡು ಸಲ ಆದವರು ಮತ್ತೆ ನಿಲ್ಲುವಂತಿಲ್ಲ’ ಎಂಬ ನಿಯಮ ಇದ್ದರೆ ಅದನ್ನು ಬೈಲಾದಲ್ಲಿ ಹೇಗೆ ಬರೆದಿದ್ದಾರೆ, ಬಾಯಲ್ಲಿ ಏನಂತಾರೆ? ‘ಟರ್ಮ್’ ಬಿಟ್ಟು ಬೇರೆ ಮಾತು ಯಾರಾದರೂ ಕೇಳಿದ್ದರೆ ದಯವಿಟ್ಟು ಬರೆಯಿರಿ. ಮುಂದಿನ ಶುಕ್ರವಾರ ಎರಡನೇ ಸುತ್ತಿನ ಚರ್ಚೆ ಇದೆ.