ಮೃದಂಗದ ಪೆಟ್ಟು ಬೀಳೋಕ್ ಮುಂಚೆನೇ ಸದ್ದು ಬರ್ತಿದೆ, ನನ್ನ ಕೋಡೆಕ್‌ನಲ್ಲಿ ಎಲ್ಲಿ ತಪ್ಪಿದೆ?

ಕರಣೆ_ಕಪ್ಪು:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ರಾತ್ರಿ ಊಟ ಆದ್ಮೇಲೆ ಕೂತು ಒಂದು ಆಡಿಯೋ ಕೋಡೆಕ್ (ಸದ್ದನ್ನ ಕುಗ್ಗಿಸಿ ಆಮೇಲೆ ಬಿಚ್ಚೋ ಪ್ರೋಗ್ರಾಂ) ಬರೀತಿದೀನಿ, ಪೈಥಾನ್‌ನಲ್ಲಿ. ಯಾರಿಗೂ ಕೊಡೋಕಲ್ಲ, ಎಂಪಿ3, ಎಎಸಿ ಒಳಗೆ ಏನಾಗತ್ತೆ ಅಂತ ಕೈಯಾರೆ ಮಾಡಿ ನೋಡ್ಬೇಕು ಅನ್ನೋ ಹುಚ್ಚು ಅಷ್ಟೇ. 2048 ಸ್ಯಾಂಪಲ್ ವಿಂಡೋ (ಒಂದ್ಸಲಕ್ಕೆ ತಗೊಳೋ ಸದ್ದಿನ ತುಂಡು), ಅರ್ಧ ಓವರ್‌ಲ್ಯಾಪ್, ಎಂಡಿಸಿಟಿ (ತುಂಡನ್ನ ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕ), ಬಂದ 1024 ನಂಬರ್‌ಗಳನ್ನ ಬ್ಯಾಂಡ್ ಬ್ಯಾಂಡಾಗಿ ಕ್ವಾಂಟೈಸ್ ಮಾಡಿ (ಒರಟಾಗಿ ರೌಂಡ್ ಮಾಡಿ) ಹಫ್‌ಮನ್ ಕೋಡಿಂಗ್ (ಜಾಸ್ತಿ ಸಲ ಬರೋ ನಂಬರಿಗೆ ಚಿಕ್ಕ ಕೋಡ್). ಮೋನೋ, 44.1 ಕಿಲೋಹರ್ಟ್ಸ್, 64 ಕೆಬಿಪಿಎಸ್. ಅಂದ್ರೆ ಒಂದು ಫ್ರೇಮ್‌ಗೆ (ಆ 1024 ನಂಬರ್‌ಗಳ ಗುಂಪಿಗೆ) ಸುಮಾರು 1486 ಬಿಟ್, ಒಂದೊಂದು ನಂಬರಿಗೆ ಒಂದೂವರೆ ಬಿಟ್ಟೂ ದಕ್ಕಲ್ಲ, ತಿಂಗಳ ಕೊನೆ ಸಂಸಾರ ಇದ್ದಂಗೆ.

ಹಾಡು, ಪಿಟೀಲು ಪರವಾಗಿಲ್ಲ. ಆದ್ರೆ ನಮ್ಮ ತಮ್ಮ ಮೃದಂಗದಲ್ಲಿ ನುಡಿಸಿದ ತನಿ ಆವರ್ತನ ಹಾಕಿದ್ರೆ ಚಾಪು ಪೆಟ್ಟು ಬೀಳೋಕ್ ಮುಂಚೆನೇ "ಸ್ಸ್" ಅಂತ ಒಂದು ಸದ್ದು ಬರತ್ತೆ, ಯಾರೋ ಚರ್ಮದ ಮೇಲೆ ಮರಳು ಉಜ್ಜಿ ಆಮೇಲೆ ಹೊಡೆದಂಗೆ. ತಮಾಷೆ ಅಂದ್ರೆ ಎಸ್‌ಎನ್‌ಆರ್ (ಸದ್ದಿಗೂ ಗಲೀಜಿಗೂ ಇರೋ ಅನುಪಾತ) ಲೆಕ್ಕ ಹಾಕಿದ್ರೆ ಪಿಟೀಲಿಗಿಂತ ಮೃದಂಗದ ಫೈಲ್‌ಗೇ ಜಾಸ್ತಿ ಮಾರ್ಕ್ಸ್! ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಒರಿಜಿನಲ್ ಒಂದ್ಸಲ, ನಂದೊಂದ್ಸಲ ಹಾಕಿ ಕೇಳಿದೀನಿ, ಭ್ರಮೆ ಅಂತೂ ಅಲ್ಲ. ಏನ್ ಮಾಡ್ಲಿ?

ಹಳೇ_ರೇಡಿಯೋ:
ಇದಕ್ಕೆ ಪ್ರೀ-ಎಕೋ ಅಂತಾರೆ, ಕೋಡೆಕ್ ಬರೆಯೋರೆಲ್ಲ ಒಂದ್ಸಲ ಬೀಳೋ ಹಳ್ಳ ಇದು. ನಿಮ್ಮ ವಿಂಡೋ 2048 ಸ್ಯಾಂಪಲ್ ಅಂದ್ರೆ 46 ಮಿಲಿಸೆಕೆಂಡ್. ನೀವು ಕ್ವಾಂಟೈಸ್ ಮಾಡೋದು ಫ್ರೀಕ್ವೆನ್ಸಿ ಕಡೆ, ಅಲ್ಲಿ ಆದ ತಪ್ಪು ವಾಪಸ್ ಟೈಮಿಗೆ ಬಂದಾಗ ಆ 46 ಮಿಲಿಸೆಕೆಂಡ್ ಪೂರ್ತಿ ಹರಡ್ಕೊಳತ್ತೆ, ಪೆಟ್ಟು ವಿಂಡೋದ ಕೊನೇಲಿ ಬಿದ್ದಿದ್ರೂ ಅದರ ಗಲೀಜು ಮೊದಲಿಂದಾನೇ ಕೇಳ್ಸತ್ತೆ. ಪೆಟ್ಟು ಬಿದ್ದ ಮೇಲಿನ ಗಲೀಜನ್ನ ನಮ್ಮ ಕಿವಿ ನೂರು ಮಿಲಿಸೆಕೆಂಡ್ ತನಕ ಕ್ಷಮಿಸತ್ತೆ, ಮುಂಚಿಂದನ್ನ ಬರೀ ಕೆಲವೇ ಮಿಲಿಸೆಕೆಂಡ್. ಎಸ್‌ಎನ್‌ಆರ್‌ಗೆ ಈ ಹಿಂದೆ ಮುಂದೆ ಗೊತ್ತಾಗಲ್ಲ, ಅದನ್ನ ನಂಬ್ಕೊಂಡು ಕೂತ್ರೆ ಕೆಟ್ರಿ. ವಿದೇಶದಲ್ಲಿ ಇದನ್ನ ಪರೀಕ್ಷೆ ಮಾಡೋಕೆ ಕ್ಯಾಸ್ಟನೆಟ್ ರೆಕಾರ್ಡಿಂಗ್ ಇಟ್ಕೋತಾರೆ, ನಿಮಗೆ ಮನೇಲೇ ಮೃದಂಗ ಇದೆ, ಪುಣ್ಯವಂತರು.

ದಾರಿ ಏನಪ್ಪಾ ಅಂದ್ರೆ ಬ್ಲಾಕ್ ಸ್ವಿಚಿಂಗ್. ಫ್ರೇಮನ್ನ 8 ತುಂಡು ಮಾಡಿ ಎನರ್ಜಿ ನೋಡಿ, ಒಂದು ತುಂಡಲ್ಲಿ ಏಕ್‌ದಂ ಹಾರಿದ್ರೆ ಆ ಫ್ರೇಮಿಗೆ 2048ರ ಬದಲು 256ರ ಎಂಟು ಸಣ್ಣ ವಿಂಡೋ ಹಾಕಿ, ಎಎಸಿಲೂ ಹಿಂಗೇ. ಆಗ ಗಲೀಜು 6 ಮಿಲಿಸೆಕೆಂಡ್ ಒಳಗೇ ಉಳ್ಕೊಳತ್ತೆ. ಆದ್ರೆ ಉದ್ದದ್ದರಿಂದ ಸಣ್ಣದಕ್ಕೆ ನೇರ ಹಾರಬೇಡಿ, ಮಧ್ಯ ಸ್ಟಾರ್ಟ್ ವಿಂಡೋ, ವಾಪಸ್ ಬರುವಾಗ ಸ್ಟಾಪ್ ವಿಂಡೋ ಬೇಕು, ಇಲ್ದಿದ್ರೆ ಅಕ್ಕಪಕ್ಕದ ವಿಂಡೋಗಳ ಏಲಿಯಾಸಿಂಗ್ (ಎಂಡಿಸಿಟಿ ಸೇರಿಸೋ ತಿರುವಿದ ನಕಲು) ಒಂದಕ್ಕೊಂದು ವಜಾ ಆಗಲ್ಲ. ಸ್ಟಾರ್ಟ್ ವಿಂಡೋ ಪೆಟ್ಟಿಗಿಂತ ಮೊದಲೇ ಬರಬೇಕಲ್ಲ, ಅದಕ್ಕೆ ಎನ್ಕೋಡರ್ ಒಂದು ಫ್ರೇಮ್ ಮುಂದೆ ಇಣುಕಿ ನೋಡ್ಬೇಕಾಗತ್ತೆ. ಇದೆಲ್ಲ ಮುಟ್ಟೋ ಮುಂಚೆ ಕ್ವಾಂಟೈಸರ್ ಪೂರ್ತಿ ಆಫ್ ಮಾಡಿ ಇನ್‌ಪುಟ್ ಔಟ್‌ಪುಟ್ ಕಳೆದು ನೋಡಿ, ಸೊನ್ನೆ ಹತ್ರ ಬರ್ಲಿಲ್ಲ ಅಂದ್ರೆ ಬಗ್ ಬೇರೆ ಕಡೆನೇ ಇದೆ.

ಧಾರವಾಡ್_ಪೇಢಾ:
ಅಣ್ಣಾರ, ಹೇಳಿದ್ದು ಖರೇ ಐತಿ, ಆದ್ರ ಒಂದ್ ಮಾತು. ತ್ರಾಸ ತಪ್ಪತೈತಿ ಅಂತ ಪೂರಾ ಫೈಲ್ ಸಣ್ಣ ವಿಂಡೋದಾಗ ಹಾಕಬ್ಯಾಡ್ರಿ, ನಾ ತಬಲಾಕ್ಕ ಹಂಗ ಮಾಡಿ ಕೈ ಸುಟ್ಕೊಂಡೀನಿ. ಉದ್ದ ವಿಂಡೋದಾಗ ಒಂದೊಂದು ಬಿನ್ (ಫ್ರೀಕ್ವೆನ್ಸಿ ಖಾನೆ) 21.5 ಹರ್ಟ್ಸ್, ಸಣ್ಣದ್ರಾಗ 172 ಹರ್ಟ್ಸ್, ಸ್ವರ ಬಿಡಿಸಿ ಕಾಣಂಗಿಲ್ಲ. ನಮ್ಮ ಚರ್ಮವಾದ್ಯ ಬರೇ ಢಬ್ ಅನ್ನೂದಲ್ಲ, ನಡುವಿನ ಕಪ್ಪು ಶಾಯಿಯಿಂದ ಅದಕ್ಕ ಸ್ವರಾನೂ ಐತಿ, ಸಿ. ವಿ. ರಾಮನ್ 1920ರಾಗ ನೇಚರ್ ಪತ್ರಿಕೆದಾಗ ಇದರ ಮ್ಯಾಲೇ ಬರದಾರ. ಪೆಟ್ಟು ಬಿದ್ದಲ್ಲಿ ಸಣ್ಣದು, ಆಮ್ಯಾಲಿನ ನಾದಕ್ಕ ಲಗೂನ ಉದ್ದದಕ್ಕ ಹೊಳ್ಳಿ ಬರ್ರಿ. ಮತ್ತ ಪೆಟ್ಟಿನ ಫ್ರೇಮಿಗೆ ಬಿಟ್ ಜಾಸ್ತಿ ಬೇಕಾಗತಾವ, ಸುಮ್ಮನಿರೋ ಫ್ರೇಮಿನಾಗ ಉಳಿಸಿ ಇಲ್ಲಿ ಖರ್ಚು ಮಾಡ್ರಿ, ಎಂಪಿ3ದಾಗ ಬಿಟ್ ರಿಸರ್ವಾಯರ್ ಅಂತ ಇದಕ್ಕ ಅಂತಾನ ಇಟ್ಟಾರ.

ಸುಮ್ನೆ_ಓದೋನು:
ಆಪಸ್ ಅನ್ನೋ ಕೋಡೆಕ್ 2012ರಿಂದ ಇದೆ, ಫ್ರೀ, ಇದೆಲ್ಲ ಅದ್ರಲ್ಲಿ ಆಗ್ಲೇ ಮಾಡಿದಾರೆ. ಇದು ಯಾಕೆ ಗುರೂ?

ಹಳೇ_ರೇಡಿಯೋ:
ಅಂಗಡೀಲಿ ಇಡ್ಲಿ ಸಿಗತ್ತೆ ಅಂತ ಮನೇಲಿ ಅಕ್ಕಿ ನೆನೆಸೋದು ಬಿಟ್ಟಿದೀರಾ?

ಬಿಟ್_ಕಳ್ಳ:
ಯಾರೂ ಬ್ಲೂಟೂತ್ ಬಗ್ಗೆ ಹೇಳ್ಲಿಲ್ವಲ್ಲ! ಸಾರ್, ಆ ಹೆಡ್‌ಫೋನ್‌ಗೆ ಹೋಗುವಾಗ ನಿಮ್ಮ ಆಡಿಯೋನ ಫೋನು ಇನ್ನೊಂದ್ಸಲ ಎಸ್‌ಬಿಸಿನೋ ಎಎಸಿನೋ ಮಾಡಿ ಕಳ್ಸತ್ತೆ, ನೀವು ಕೇಳ್ತಿರೋದು ಎರಡು ಕೋಡೆಕ್ ಸೇರಿ ಮಾಡಿದ ಹಿಂಸೆ. ವೈರ್ ಇರೋದು ತಗೊಳಿ. ಮತ್ತೆ ಯಾವ ಫೈಲ್ ಓಡ್ತಿದೆ ಅಂತ ಗೊತ್ತಿದ್ದು ಕೇಳೋದು ಟೆಸ್ಟೇ ಅಲ್ಲ, ನಿಮ್ಮದೇ ಕೂಸು, ಒಂದೋ ಮುದ್ದು ಮಾಡ್ತೀರಾ ಇಲ್ಲಾ ಅತಿಯಾಗಿ ಬೈತೀರಾ. ಫೂಬಾರ್2000 ಪ್ಲೇಯರ್‌ನಲ್ಲಿ ಎಬಿಎಕ್ಸ್ ಪ್ಲಗಿನ್ (ಯಾವ ಫೈಲ್ ಅಂತ ಮುಚ್ಚಿಟ್ಟು ನಮ್ಮಿಂದ ಊಹಿಸೋದು) ಹಾಕ್ಕೊಳಿ, 16 ಸಲ ಕೇಳಿ, 12 ಅಥವಾ ಮೇಲೆ ಸರಿ ಬಂದ್ರೆ ಅದು ಬರೀ ಅದೃಷ್ಟ ಆಗಿರೋ ಸಂಭವ ನೂರಕ್ಕೆ ನಾಲ್ಕರಷ್ಟೂ ಇಲ್ಲ. ಎಷ್ಟು ಸಲ ಅಂತ ಮೊದಲೇ ತೀರ್ಮಾನ ಮಾಡಿ, ಗೆಲ್ತಿದ್ದಾಗ ನಿಲ್ಲಿಸೋದು ಮೋಸ. ಡಿಕೋಡರ್ ಡಿಲೇ ಕತ್ತರಿಸಿ ಎರಡೂ ಫೈಲ್ ಸ್ಯಾಂಪಲ್‌ಗೆ ಸ್ಯಾಂಪಲ್ ಕೂರಿಸಿ, ಇಲ್ಲಾಂದ್ರೆ ಬದಲಾಯಿಸುವಾಗಿನ ಟಿಕ್ ಕೇಳೇ ಕಂಡು ಹಿಡೀತೀರ.

ಕರಣೆ_ಕಪ್ಪು:
ಮೂರು ವಾರ ಆಯ್ತು, ಬಂದು ಹೇಳೋಣ ಅಂತ. ಕ್ವಾಂಟೈಸರ್ ಆಫ್ ಮಾಡಿ ನೋಡಿದ್ರೆ ಮೊದಲ ಫ್ರೇಮ್ ಬಿಟ್ಟು ಎಲ್ಲ ಸರಿ ಇತ್ತು, ಅಲ್ಲಿ ಮುಂದೆ ಸೊನ್ನೆ ಸೇರಿಸೋದು ಮರ್ತಿದ್ದೆ. ವೈರ್ ಹೆಡ್‌ಫೋನ್‌ನಲ್ಲಿ ಹಳೇ ವರ್ಶನ್ 16ಕ್ಕೆ 16 ಹಿಡಿದೆ, ಬ್ಲಾಕ್ ಸ್ವಿಚಿಂಗ್ ಹಾಕಿದ್ಮೇಲೆ 9, ಅಂದ್ರೆ ಬರೀ ಊಹೆ ಲೆಕ್ಕ. ಬಿಟ್ ರಿಸರ್ವಾಯರ್ ಇನ್ನೂ ಮಾಡಿಲ್ಲ. ತಮ್ಮನ್ನ ಕೂರಿಸಿದೆ, ಅವನು 13 ಹಿಡಿದ, ಹೆಂಗೋ ಅಂದ್ರೆ "ಎಡಗೈ ತೊಂ ಸ್ವಲ್ಪ ಸಪ್ಪೆ ಆಗಿದೆ ಕಣೋ" ಅಂದ. ಧಾರವಾಡದೋರು ಹೇಳಿದ್ದು ಅದೇ ಇರ್ಬೇಕು, ಸಣ್ಣ ವಿಂಡೋದಿಂದ ವಾಪಸ್ ಬರೋಕೆ ನನ್ನ ಕೋಡ್ ಎರಡು ಫ್ರೇಮ್ ಜಾಸ್ತಿ ತಗೋತಿದೆ. ಅದನ್ನ ಸರಿ ಮಾಡ್ತಿದೀನಿ. ತಂಬೂರಿ ಫೈಲಲ್ಲಿ ಮೇಲಿನ ಬ್ಯಾಂಡ್‌ಗಳು ಒಂದು ಫ್ರೇಮಲ್ಲಿ ಇದ್ದು ಇನ್ನೊಂದರಲ್ಲಿ ಸೊನ್ನೆಯಾಗಿ ಗುಬ್ಬಚ್ಚಿ ಚಿಲಿಪಿಲಿ ಅಂದಂಗೆ ಕೇಳ್ತಿದೆ, ಅದಕ್ಕೆ ಬೇರೆ ಥ್ರೆಡ್ ಹಾಕ್ತೀನಿ, ವೇವ್ ಫೈಲ್ ಸಮೇತ.