ದೊಣ್ಣೆ ಮೆಣಸಿನಕಾಯಿ ಗಿಡ ಚೆನ್ನಾಗಿದೆ, ಹೂವು ಮಾತ್ರ ನಿಲ್ಲುತ್ತಿಲ್ಲ: ಪ್ರಶ್ನೋತ್ತರ

ಪ್ರಶ್ನೆ, ರಾಯಚೂರಿನಿಂದ: ಸರ್, ಮಾಳಿಗೆ ಮೇಲೆ ಎಂಟು ಕುಂಡದಲ್ಲಿ ದೊಣ್ಣೆ ಮೆಣಸಿನಕಾಯಿ ಹಾಕಿದ್ದೇನೆ. ಡಿಸೆಂಬರ್‌ನಲ್ಲಿ ಬೀಜ ಹಾಕಿದ್ದು. ಈಗ ಮೊಣಕಾಲೆತ್ತರ ಬಂದಿವೆ, ಎಲೆ ಹಸಿರು ಹಸಿರಾಗಿವೆ, ಹೂವೂ ಬೇಕಾದಷ್ಟು ಬಿಡುತ್ತಿವೆ. ಆದರೆ ಒಂದೇ ಒಂದು ಕಾಯಿ ನಿಂತಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಕುಂಡದ ತುಂಬ ಹೂವು ಉದುರಿರುತ್ತವೆ. ಅಂಗಡಿಯವರು ಎರಡು ಥರ ಟಾನಿಕ್ ಕೊಟ್ಟರು, ಎರಡೂ ಹೊಡೆದೆ. ದುಡ್ಡೂ ಹೋಯಿತು, ಹೂವೂ ಹೋಯಿತು. ಏನು ರೋಗ ಇದು?

ಉತ್ತರ: ರೋಗ ಅಲ್ಲ, ತಿಂಗಳು ತಪ್ಪಿದೆ. ಟಾನಿಕ್ ಬಾಟಲಿ ಪಕ್ಕಕ್ಕಿಡಿ.

ಉದುರಿದ ಹೂವು ಒಂದನ್ನು ಕೈಗೆತ್ತಿಕೊಂಡು ನೋಡಿ. ತೊಟ್ಟಿನ ಸಮೇತ ಬಿದ್ದಿರುತ್ತದೆ, ತೊಟ್ಟು ಗಿಡಕ್ಕೆ ಸೇರುವ ಗಂಟಿನ ಹತ್ತಿರ ಹಳದಿಯಾಗಿರುತ್ತದೆ. ಗಿಡದಲ್ಲೇ ಅಂಥ ಇನ್ನೊಂದು ಹೂವು ಹುಡುಕಿ ಬೆರಳಿನಿಂದ ಸುಮ್ನೆ ಮುಟ್ಟಿದರೆ ಸಾಕು, ಉದುರುತ್ತದೆ. ಹುಳ ಕಡಿದ ಗುರುತು ಎಲ್ಲೂ ಇರುವುದಿಲ್ಲ. ಅಂದರೆ ಗಿಡವೇ ಅದನ್ನು ಬಿಟ್ಟುಕೊಟ್ಟಿದೆ, ಕಾರಣ ಸೆಕೆ. ಈ ಬೆಳೆಗೆ ಹಗಲು 20ರಿಂದ 28 ಡಿಗ್ರಿ ಇದ್ದರೆ ಹಿತ. 32 ದಾಟಿತು ಅಂದರೆ ಹೂವಿನ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ರಾತ್ರಿಯೂ ಧಗೆ ಇದ್ದರೆ ಇನ್ನೂ ಕಷ್ಟ, ನಮ್ಮ ಕಡೆ ಮಾಳಿಗೆ ರಾತ್ರಿ ಹತ್ತಾದರೂ ಕಾದ ಹಂಚಿನ ಹಾಗೆ ಇರುತ್ತದೆ ಅಲ್ವಾ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯಿತು, ನಿಮ್ಮ ಗಿಡ ಹೂವು ಬಿಟ್ಟಿದ್ದು ಆಮೇಲೆ. ಹೊಲದಲ್ಲಿರುವ ಖಾರದ ಮೆಣಸಿನಕಾಯಿ ಇದೇ ಬಿಸಿಲನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಜಾತಿ ಒಂದೇ ಆದರೂ ಇದು ನಾಜೂಕು.

ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಲೆಕ್ಕ ಹೀಗಿಟ್ಟುಕೊಳ್ಳಿ. ಆಗಸ್ಟ್ ಮಧ್ಯದಲ್ಲಿ ಟ್ರೇಗೆ ಬೀಜ. 7ರಿಂದ 10 ದಿನಕ್ಕೆ ಮೊಳಕೆ. ಸಸಿಗೆ ಐದಾರು ಎಲೆ ಬಂದಾಗ, ಅಂದರೆ 35-40 ದಿನಕ್ಕೆ, ದಸರಾ ಆಸುಪಾಸಿನಲ್ಲಿ ಕುಂಡಕ್ಕೆ. ಆಗ ಹೂವು ಬಿಡುವುದೂ ಕಾಯಿ ಕಟ್ಟುವುದೂ ತಂಪಿನ ದಿನಗಳಲ್ಲಿ ಆಗುತ್ತದೆ, ಎಳ್ಳಮಾವಾಸ್ಯೆ ಊಟಕ್ಕೆ ನಿಮ್ಮದೇ ಕಾಯಿಯ ಪಲ್ಯ ಇರುತ್ತದೆ. ಡಿಸೆಂಬರ್‌ನಲ್ಲಿ ಬೀಜ ಹಾಕಿದರೆ ಚಳಿಯೆಲ್ಲ ಎಲೆಗೆ ಹೋಗಿ ಬಿಸಿಲೆಲ್ಲ ಹೂವಿಗೆ ಬರುತ್ತದೆ.

ಅದೇ ರಾಯಚೂರಿನವರು: ಅಯ್ಯೋ, ಹಾಗಾದರೆ ಎಂಟೂ ಕಿತ್ತು ಹಾಕಲಾ?

ಉತ್ತರ: ಬೇಡ. ಗಟ್ಟಿಯಾಗಿರುವ ಮೂರು ಉಳಿಸಿಕೊಳ್ಳಿ. ಮೇಲೆ 50 ಪರ್ಸೆಂಟ್ ನೆರಳು ಕೊಡುವ ಹಸಿರು ನೆಟ್ ಕಟ್ಟಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ್ದು ಬೀಳದ ಕಡೆ, ಗೋಡೆಯ ಪೂರ್ವ ಮಗ್ಗುಲಿಗೆ ಸರಿಸಿ. ಕುಂಡ ಕಪ್ಪು ಪ್ಲಾಸ್ಟಿಕ್ ಆಗಿದ್ದರೆ ಸುತ್ತ ಗೋಣಿಚೀಲ ಸುತ್ತಿ, ಬೇರು ಬೇಯುವುದು ನಿಲ್ಲುತ್ತದೆ. ನೆಲಕ್ಕೆ ನೇರ ಇಡಬೇಡಿ, ಎರಡು ಇಟ್ಟಿಗೆ ಮೇಲಿಡಿ. ಮಣ್ಣಿನ ಮೇಲೆ ನಾಲ್ಕು ಬೆರಳು ಭತ್ತದ ಹುಲ್ಲು ಇಲ್ಲವೆ ಜೋಳದ ಕಣಿಕೆ ಚೂರು ಹರಡಿ. ಗೊಬ್ಬರ ನಿಲ್ಲಿಸಿ, ಯೂರಿಯಾ ಅಂತೂ ಬೇಡವೇ ಬೇಡ, ಬರೀ ಎಲೆ ಬೆಳೆಯುತ್ತದೆ. ಮಳೆ ಶುರುವಾದ ಮೇಲೆ ಪ್ರತಿ ಗಿಡದ ಎತ್ತರದಲ್ಲಿ ಮೂರನೇ ಒಂದು ಭಾಗ ಕತ್ತರಿಸಿ ಎರಡು ಹಿಡಿ ಎರೆಗೊಬ್ಬರ ಹಾಕಿದರೆ ಹೊಸ ಚಿಗುರು ಬರುತ್ತದೆ. ಬೇಸಿಗೆ ದಾಟಿದ ಗಿಡ ಹೊಸ ಸಸಿಗಿಂತ ಮೊದಲೇ ಕಾಯಿ ಬಿಡುತ್ತದೆ.

ಪ್ರಶ್ನೆ, ಬಳ್ಳಾರಿಯಿಂದ: ನನಗೆ ಕೆಂಪು, ಹಳದಿ ಕ್ಯಾಪ್ಸಿಕಂ ಬೇಕು. ಹಿತ್ತಲಲ್ಲಿ 10 ಅಡಿಗೆ 12 ಅಡಿ ಜಾಗವಿದೆ. ಪೈಪ್ ನಿಲ್ಲಿಸಿ ಪ್ಲಾಸ್ಟಿಕ್ ಶೀಟ್ ಹೊದಿಸಿ ಸಣ್ಣ ಪಾಲಿಹೌಸ್ ಮಾಡಿದರೆ ವರ್ಷಪೂರ್ತಿ ಬೆಳೆಯಬಹುದಾ?

ಉತ್ತರ: ದಯವಿಟ್ಟು ಮಾಡಬೇಡಿ. ಓದು ಮುಗಿಸಿ ಬಂದ ಹೊಸದರಲ್ಲಿ ನಾನೇ ಈ ಸಾಹಸ ಮಾಡಿದ್ದೆ. ಮಾರ್ಚ್‌ನಲ್ಲಿ ಸಸಿ ಟ್ರೇಗಳನ್ನು ಪ್ಲಾಸ್ಟಿಕ್ ಗೂಡಿನಲ್ಲಿಟ್ಟು ಒಂದು ಮಧ್ಯಾಹ್ನ ಮದುವೆ ಊಟಕ್ಕೆ ಹೋಗಿದ್ದೆ, ಪಕ್ಕದ ಪರದೆ ಎತ್ತುವುದು ಮರೆತಿದ್ದೆ. ವಾಪಸ್ ಬಂದಾಗ ಸಸಿ ಎಲ್ಲ ಬೆಂದ ಸೊಪ್ಪಾಗಿದ್ದವು, ಒಗ್ಗರಣೆ ಒಂದು ಬಾಕಿ. ಪ್ಲಾಸ್ಟಿಕ್ ಶೀಟು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಚಳಿ ದೇಶದಲ್ಲಿ ಅದು ವರ, ಬಳ್ಳಾರಿಯಲ್ಲಿ ಒಲೆ. ಬೆಂಗಳೂರು ಕಡೆಯ ಪಾಲಿಹೌಸ್ ನೋಡಿ ಆಸೆ ಪಡಬೇಡಿ, ಅಲ್ಲಿಯ ಹವೆಯೇ ಬೇರೆ.

ನಿಮಗೆ ಬೇಕಾದ್ದು ನೆಟ್ ಮನೆ. ಮೇಲೆ ನೆರಳು ನೆಟ್, ಸುತ್ತ ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ, ಗಾಳಿ ಆಡುವಷ್ಟು ಎತ್ತರ. ಅದರಲ್ಲೂ ಏಪ್ರಿಲ್, ಮೇನಲ್ಲಿ ಕಾಯಿ ಕೇಳಬೇಡಿ. ನೆಟ್‌ನಿಂದ ಸೀಸನ್ ಒಂದಿಷ್ಟು ಉದ್ದವಾಗುತ್ತದೆ ಅಷ್ಟೇ.

ಕೆಂಪು, ಹಳದಿ ಅಂದರೆ ಹಣ್ಣಾದ ಕಾಯಿ. ಎಲ್ಲವೂ ಮೊದಲು ಹಸಿರೇ. ಹಸಿರಿದ್ದಾಗ ಕೀಳದೆ ಇನ್ನೂ ಮೂರು ನಾಲ್ಕು ವಾರ ಗಿಡದಲ್ಲೇ ಬಿಟ್ಟರೆ ತಳಿಯ ಪ್ರಕಾರ ಬಣ್ಣ ತಿರುಗುತ್ತದೆ. ಅಂಗಡಿಯಲ್ಲಿ ಅದಕ್ಕೆ ರೇಟು ಜಾಸ್ತಿ ಇರುವುದಕ್ಕೆ ಈ ಕಾಯುವಿಕೆಯೂ ಒಂದು ಕಾರಣ. ಕ್ಯಾಲಿಫೋರ್ನಿಯಾ ವಂಡರ್ ಹಾಕಿದರೆ ಕೆಂಪಾಗುತ್ತದೆ, ಮನೆಗೆ ಅದೇ ಸಾಕು. ಗಿಡ ಮೊದಲ ಸಲ ಕವಲೊಡೆಯುವ ಜಾಗದಲ್ಲಿ ಒಂದು ಹೂವು ಬರುತ್ತದಲ್ಲ, ಅದನ್ನು ಚಿವುಟಿ ಬಿಡಿ. ಅಲ್ಲೇ ಕಾಯಿ ನಿಂತರೆ ಗಿಡ ಕುಳ್ಳಾಗಿಯೇ ಉಳಿಯುತ್ತದೆ. ಎರಡು ಗಟ್ಟಿ ಕವಲು ಇಟ್ಟುಕೊಂಡು ಮೇಲಿನ ತಂತಿಗೆ ದಾರ ಕಟ್ಟಿ ಹಬ್ಬಿಸಿ. ಬಲೆಯೊಳಗೆ ಗಾಳಿ ಕಡಿಮೆ ಅನಿಸಿದರೆ ಬೆಳಿಗ್ಗೆ ಆ ದಾರವನ್ನು ಮೆಲ್ಲಗೆ ತಟ್ಟಿ, ಪರಾಗ ಉದುರುತ್ತದೆ.

ಪ್ರಶ್ನೆ, ಸಿರುಗುಪ್ಪದಿಂದ: ನಮ್ಮದು ಮನೆ ಸುತ್ತ ಖಾರದ ಮೆಣಸಿನಕಾಯಿ ಹೊಲ. ಪಕ್ಕದಲ್ಲೇ ದೊಣ್ಣೆ ಮೆಣಸಿನಕಾಯಿ ಹಾಕಿದರೆ ಅದೂ ಖಾರ ಆಗುತ್ತದೆ ಅನ್ನುತ್ತಾರೆ, ಹೌದಾ? ಇನ್ನೊಂದು, ವಾಟ್ಸಾಪ್‌ನಲ್ಲಿ ಬಂದಿತ್ತು, ಬುಡದಲ್ಲಿ ಮೂರು ಉಬ್ಬಿದ್ದರೆ ಗಂಡು ಕಾಯಿ, ನಾಲ್ಕಿದ್ದರೆ ಹೆಣ್ಣು ಅಂತೆ.

ಉತ್ತರ: ಈ ವರ್ಷದ ಕಾಯಿ ಖಾರ ಆಗುವುದಿಲ್ಲ. ಕಾಯಿಯ ಗೋಡೆ, ಬೀಜ ಅಂಟಿರುವ ಬಿಳಿ ತಿರುಳು, ಎಲ್ಲ ತಾಯಿ ಗಿಡದ್ದೇ. ಹೊಲದ ಪರಾಗ ಸೇರುವುದು ಬೀಜಕ್ಕೆ ಮಾತ್ರ. ಆ ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಿದರೆ ಆಗ ಇದೆ ಮಜಾ. ದೊಣ್ಣೆ ಮೆಣಸಿನಕಾಯಿಯಲ್ಲಿ ಖಾರ ತಯಾರಿಸುವ ವಂಶವಾಹಿ ಕೆಲಸ ಮಾಡುವುದಿಲ್ಲ, ಹೊಲದ ಗಿಡದಿಂದ ಕೆಲಸ ಮಾಡುವುದು ಒಂದು ಬಂದರೂ ಸಾಕು, ಖಾರ ಹುಟ್ಟುತ್ತದೆ. ಅದಕ್ಕೆ ನಿಮ್ಮಂಥ ಜಾಗದಲ್ಲಿ ಬೀಜ ಕೊಂಡೇ ಹಾಕಿ.

ಗಂಡು ಹೆಣ್ಣು ಮಾತು ಪೂರ್ತಿ ಸುಳ್ಳು. ಒಂದೇ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಇರುತ್ತವೆ. ಉಬ್ಬು ಎಷ್ಟು ಅನ್ನುವುದು ತಳಿ ಮೇಲೆ, ಬೆಳೆದ ಹವೆ ಮೇಲೆ ಹೋಗುತ್ತದೆ. ಒಂದೇ ಗಿಡದಲ್ಲಿ ಮೂರರದ್ದೂ ನಾಲ್ಕರದ್ದೂ ಸಿಗುತ್ತವೆ, ಕಿತ್ತು ಎಣಿಸಿ ನೋಡಿ.

ಪ್ರಶ್ನೆ, ಗಂಗಾವತಿಯಿಂದ: ನಮ್ಮಲ್ಲಿ ಕಾಯಿ ನಿಂತಿವೆ, ಆದರೆ ಬುಡ ಕಪ್ಪಾಗಿ ಒಳಕ್ಕೆ ತಗ್ಗು ಬೀಳುತ್ತಿದೆ. ಕ್ಯಾಲ್ಸಿಯಂ ಕಡಿಮೆ ಅಂದರು, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದೆ. ಹೋಗಲಿಲ್ಲ. ಮಣ್ಣು ನಮ್ಮ ಹೊಲದ್ದೇ ಎರೆ ಮಣ್ಣು.

ಉತ್ತರ: ಹೇಳಿದವರದ್ದು ಅರ್ಧ ಸರಿ. ಕಾಯಿಗೆ ಕ್ಯಾಲ್ಸಿಯಂ ತಲುಪುತ್ತಿಲ್ಲ, ನಿಜ. ಆದರೆ ನಮ್ಮ ಎರೆ ಮಣ್ಣನ್ನು ಅಗೆದರೆ ಸುಣ್ಣದ ಹರಳು ಕೈಗೇ ಸಿಗುತ್ತವೆ, ಅದಕ್ಕೆ ಮೊಟ್ಟೆ ಸಿಪ್ಪೆ ಹಾಕುವುದು ಹೊಳೆಗೆ ಕೊಡದಲ್ಲಿ ನೀರು ಹೊತ್ತ ಹಾಗೆ. ಕ್ಯಾಲ್ಸಿಯಂ ಕಾಯಿಗೆ ಹೋಗುವುದು ನೀರಿನ ಜೊತೆ. ನೀವು ಎರಡು ದಿನ ಒಣಗಿಸಿ ಮೂರನೇ ದಿನ ಕುಂಡ ತುಳುಕುವ ಹಾಗೆ ಹಾಕುತ್ತಿರಬೇಕು, ಅಲ್ವಾ? ಎರೆ ಮಣ್ಣು ಒಣಗಿದರೆ ಕುಂಡದ ಅಂಚು ಬಿಟ್ಟು ಬಿರುಕು ಬಿಡುತ್ತದೆ, ಹಾಕಿದ ನೀರು ಆ ಬಿರುಕಿನಲ್ಲೇ ಇಳಿದು ಕೆಳಗಿನ ತೂತಿನಿಂದ ಹೊರಗೆ. ಬೇರಿಗೆ ಹನಿಯೂ ಇಲ್ಲ, ನಿಮಗೆ ಮಾತ್ರ ನೀರು ಹಾಕಿದ ಸಮಾಧಾನ.

ಮುಂದಿನ ಸಲ ಕೆಂಪು ಮಣ್ಣು, ಕೊಳೆತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮ ಸಮ ಬೆರೆಸಿ, ಕುಂಡ 12 ಇಂಚಿಗಿಂತ ಸಣ್ಣದು ಬೇಡ. ಈಗ ಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ತಂಪಿದ್ದರೆ ಬಿಡಿ, ಒಣಗಿದ್ದರೆ ಹಾಕಿ. ಕಪ್ಪಾದ ಕಾಯಿ ಕಿತ್ತು ಬಿಡಿ, ಅವು ಸರಿಯಾಗುವುದಿಲ್ಲ. ಬುಡದ ಬದಲು ಬಿಸಿಲು ಬೀಳುವ ಮಗ್ಗುಲಲ್ಲಿ ಕಾಗದದ ಹಾಗೆ ಬಿಳಿ ಮಚ್ಚೆ ಬಂದರೆ ಅದು ಬೇರೆ, ಬಿಸಿಲಿಗೆ ಸುಟ್ಟಿದ್ದು. ಅದಕ್ಕೆ ನೆರಳೇ ಔಷಧ, ಕಾಯಿ ಮುಚ್ಚುವ ಎಲೆಗಳನ್ನು ಸವರಬೇಡಿ.

ಪ್ರಶ್ನೆ, ಕೊಪ್ಪಳದಿಂದ: ಎಲೆ ಮುದುಡುತ್ತಿವೆ. ಬೇವಿನ ಎಣ್ಣೆ ಸಾಕಾ?

ಉತ್ತರ: ಯಾವ ಕಡೆ ಮುದುಡಿವೆ? ದೋಣಿಯ ಹಾಗೆ ಮೇಲಕ್ಕೆ ಅಂದರೆ ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಕೀಟ, ಬೋರಲು ಹಾಕಿದ ದೋಣಿ ಥರ ಕೆಳಕ್ಕೆ ಬಾಗಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಥ್ರಿಪ್ಸ್‌ಗೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಚೂರು ಸೋಪಿನ ನೀರು ಬೆರೆಸಿ, ಸಂಜೆ ಬಿಸಿಲು ಇಳಿದ ಮೇಲೆ ಎಲೆ ಅಡಿಗೆ ಹೊಡೆಯಿರಿ. ವಾರ ಬಿಟ್ಟು ಮತ್ತೊಮ್ಮೆ. ಮೈಟ್‌ಗೆ ನೀರಲ್ಲಿ ಕರಗುವ ಗಂಧಕ ಲೀಟರ್‌ಗೆ 2 ಗ್ರಾಂ, ಆದರೆ ಈ ಬಿಸಿಲಲ್ಲಿ ಎಲೆ ಸುಡುತ್ತದೆ, ತಂಪಿನ ದಿನಕ್ಕೆ ಇಟ್ಟುಕೊಳ್ಳಿ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಮುಟ್ಟಬೇಡಿ. ಸದ್ಯ ಮುದುಡಿದ ಕುಡಿ ಕತ್ತರಿಸಿ ಕವರಿನಲ್ಲಿ ಕಟ್ಟಿ ಹೊರಗೆ ಹಾಕಿ.

ಮತ್ತೆ ರಾಯಚೂರಿನವರು: ನೆಟ್ ಕಟ್ಟಿದೆ ಸರ್. ಮೂರು ಉಳಿಸಿದೆ, ಐದು ಕಿತ್ತೆ. ಖಾಲಿ ಕುಂಡ ನೋಡಿದರೆ ಬೇಜಾರಾಗುತ್ತದೆ, ಆಗಸ್ಟ್ ತನಕ ಏನು ಹಾಕಲಿ?

ಉತ್ತರ: ಮೂರಕ್ಕೆ ಚವಳಿಕಾಯಿ, ಎರಡಕ್ಕೆ ಬೆಂಡೆ. ಎರಡಕ್ಕೂ ಈ ಬಿಸಿಲು ಅಂದರೆ ಹಬ್ಬ. ಬೀಜವನ್ನು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಹಾಕಿ. ಉಳಿದ ಟಾನಿಕ್ ಅದಕ್ಕೆ ಹೊಡೆಯಬೇಡಿ ಮತ್ತೆ.